ಮೌನದ ಮಠದಿಂದ ಬಂದ ಬೆರಳಕ್ಷರ



ಪ್ರತಿವರ್ಷ ಜೂನ್ 24ರಂದು ನಾವು ಸ್ನಾನಿಕ ಯೊವಾನ್ನರ ಜನ್ಮೋತ್ಸವವನ್ನು ಆಚರಿಸುತ್ತೇವೆ. ಆ ದಿನದ ಶುಭಸಂದೇಶ ನಿಮಗೆಲ್ಲ ಗೊತ್ತಿರುವುದೇ. ಎಲಿಜಬೇತಮ್ಮನ ಮನೆಯಲ್ಲಿ ನೆಂಟರಿಷ್ಟರು ತುಂಬಿದ್ದಾರೆ. ಮಗು ಹುಟ್ಟಿ ಎಂಟನೆಯ ದಿನ, ಹೆಸರಿಡಬೇಕು. ಬಂದವರೆಲ್ಲ ಅಪ್ಪನ ಹೆಸರನ್ನೇ ಇಡೋಣ ಎನ್ನುತ್ತಾರೆ, ತಾಯಿ ಒಪ್ಪುವುದಿಲ್ಲ. ಆಗ ಅವರು ಜಕರೀಯನ ಕಡೆ ತಿರುಗಿ ಸನ್ನೆ ಮಾಡಿ ಕೇಳುತ್ತಾರೆ. ಆತ ಬರೆಯುವ ಹಲಗೆ ತರಿಸಿಕೊಂಡು ಮಗುವಿನ ಹೆಸರನ್ನು ಬರೆದು ತೋರಿಸುತ್ತಾನೆ. ಕೂಡಲೇ ಅವನ ನಾಲಿಗೆ ಸಡಿಲವಾಗುತ್ತದೆ.

ಪ್ರಬೋಧನೆ ಮಾಡುವ ನಾವು ಸಾಮಾನ್ಯವಾಗಿ ಆ ನಾಲಿಗೆಯ ಪವಾಡಕ್ಕೇ ಓಡುತ್ತೇವೆ. ಆದರೆ ಅದರ ಹಿಂದಿನ ಮಾತನ್ನು ಸ್ವಲ್ಪ ನಿಂತು ನೋಡಿ. ಜನ ಅವನಿಗೆ ಸನ್ನೆ ಮಾಡಿ ಕೇಳಿದರು ಎಂದರೆ ಏನರ್ಥ? ಕಿವಿ ಕೇಳುವವನಿಗೆ ಯಾರಾದರೂ ಸನ್ನೆ ಮಾಡುತ್ತಾರೆಯೇ? ಆ ಒಂಬತ್ತು ತಿಂಗಳು ಜಕರೀಯನಿಗೆ ಮಾತೂ ಇರಲಿಲ್ಲ, ಕಿವಿಯೂ ಕೇಳಿಸುತ್ತಿರಲಿಲ್ಲ ಎಂದು ಅನೇಕ ವ್ಯಾಖ್ಯಾನಕಾರರು ಹೇಳುವುದು ಇದೇ ಆಧಾರದ ಮೇಲೆ. ಹಾಗಿದ್ದರೂ ಆತನ ಮಾತು ನಡೆಯಿತು. ಏಕೆಂದರೆ ಆತ ಯಾಜಕ, ಅಕ್ಷರ ಬಲ್ಲವನು. (ನಮ್ಮ ಹಿರಿಯ ಕ್ರೈಸ್ತರ ಬಾಯಲ್ಲಿ ಈ ಮಗುವಿನ ಹೆಸರು ಅರುಳಪ್ಪ. ಅರುಳ್ ಎಂದರೆ ಕೃಪೆ. ಹೀಬ್ರೂ ಹೆಸರಿನ ಅರ್ಥವೂ ದೇವರ ಕೃಪೆ ಎಂದೇ. ಹಳಬರು ಹೆಸರನ್ನು ಅರ್ಥ ತಿಳಿದೇ ಇಟ್ಟಿದ್ದರು!)

ಅಕ್ಷರ ಬಾರದಿದ್ದರೆ? ಕುಂದಗೋಳ, ನವಲಗುಂದ, ಕಲಘಟಗಿಯ ಕಡೆಯ ಯಾವುದೇ ಹಳ್ಳಿಗೆ ಹೋಗಿ ನೋಡಿ. ಹುಟ್ಟಿನಿಂದ ಕಿವಿ ಕೇಳಿಸದ ಒಬ್ಬರಾದರೂ ಸಿಗುತ್ತಾರೆ, ಅವರನ್ನು ಊರೆಲ್ಲ ಕರೆಯುವುದು 'ಮೂಕ' ಎಂದು, 'ಮೂಕವ್ವ' ಎಂದು. ಸ್ನಾನದೀಕ್ಷೆಯಲ್ಲಿ ಇಟ್ಟ ಹೆಸರೋ, ತೊಟ್ಟಿಲಲ್ಲಿ ಇಟ್ಟ ಹೆಸರೋ ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿರುತ್ತದೆ. ತನಗೆ ಒಂದು ಹೆಸರಿದೆ ಎಂಬುದೇ ಅವರಲ್ಲಿ ಕೆಲವರಿಗೆ ಗೊತ್ತಿರುವುದಿಲ್ಲ. ಇಂಥವರ ಕೈಗೆ ಅಕ್ಷರ ಬಂದದ್ದು ಹೇಗೆ ಎಂಬುದು ಒಂದು ದೊಡ್ಡ ಚರಿತ್ರೆ. ಆ ಚರಿತ್ರೆಯ ಬಹುಭಾಗ ನಡೆದದ್ದು ನಮ್ಮ ಧರ್ಮಸಭೆಯ ಮಠಗಳಲ್ಲಿ, ಗುರುಗಳ ಕೈಯಲ್ಲಿ. ಅದರಲ್ಲಿ ನಾವು ಹೆಮ್ಮೆಪಡುವ ಭಾಗವೂ ಇದೆ, ತಲೆ ತಗ್ಗಿಸುವ ಭಾಗವೂ ಇದೆ.

ಬೆರಳಿನಲ್ಲಿ ಮಾತಾಡುವುದು ನಮ್ಮ ಕಡೆಯವರಿಗೆ ಹೊಸದೇನೂ ಅಲ್ಲ. ದನದ ಸಂತೆಯಲ್ಲಿ ಎತ್ತಿನ ವ್ಯಾಪಾರ ನಡೆಯುವಾಗ ದಲಾಲಿಯೂ ರೈತನೂ ಕೈಮೇಲೆ ಟವೆಲ್ ಹೊದಿಸಿಕೊಂಡು, ಒಳಗೇ ಬೆರಳು ಹಿಡಿದು ಬೆಲೆ ಹೇಳುವುದನ್ನು ನಿಮ್ಮಲ್ಲಿ ಹಲವರು ಕಂಡಿದ್ದೀರಿ. ಸುತ್ತ ನಿಂತವರಿಗೆ ಒಂದೂ ತಿಳಿಯುವುದಿಲ್ಲ, ವ್ಯಾಪಾರ ಮುಗಿದೇ ಹೋಗಿರುತ್ತದೆ. ಬಸ್ಸಿನಲ್ಲಿ ಜಪಮಾಲೆ ಇಲ್ಲದಿದ್ದರೆ ನಮ್ಮ ತಾಯಂದಿರು ಬೆರಳನ್ನೇ ಎಣಿಸಿ 'ನಮೋ ಮರಿಯ' ಮುಗಿಸುವುದಿಲ್ಲವೇ? ಆದರೆ ಇವೆಲ್ಲ ಅಂಕಿಯ ಬೆರಳು. ಅಂಕಿಯಿಂದ ಅಕ್ಷರಕ್ಕೆ ದಾಟಿದ ಬೆರಳಿನ ಬಗ್ಗೆ ನಮಗೆ ಸಿಗುವ ಒಂದು ಹಳೆಯ ಬರಹ ಇಂಗ್ಲೆಂಡಿನ ಸನ್ಯಾಸಿ ಸಂತ ಬೀಡರದು. ಕ್ರಿ.ಶ. 725ರಲ್ಲಿ ಕಾಲಗಣನೆಯ ಬಗ್ಗೆ ಬರೆದ ಗ್ರಂಥದ ಮೊದಲ ಅಧ್ಯಾಯದಲ್ಲೇ ಅವರು ಎರಡು ಕೈಗಳ ಬೆರಳು ಮಡಚಿ 9,999ರವರೆಗೆ ಎಣಿಸುವ ಕ್ರಮವನ್ನು ವಿವರಿಸುತ್ತಾರೆ. ಅಲ್ಲಿಗೇ ನಿಲ್ಲದೆ ಒಂದು ಉಪಾಯ ಹೇಳುತ್ತಾರೆ: ಮೊದಲನೆಯ ಅಕ್ಷರಕ್ಕೆ ಒಂದು, ಎರಡನೆಯದಕ್ಕೆ ಎರಡು ಎಂದು ಲೆಕ್ಕ ಹಿಡಿದರೆ ಬೆರಳಿನಲ್ಲಿ ಪದವನ್ನೇ ಹೇಳಬಹುದು. ಕಳ್ಳರ ನಡುವೆ ಸಿಕ್ಕಿಕೊಂಡ ಗೆಳೆಯನಿಗೆ ಹುಷಾರಾಗಿರು ಎಂದು ಸದ್ದಿಲ್ಲದೆ ತಿಳಿಸುವುದು ಅವರು ಕೊಟ್ಟ ಉದಾಹರಣೆ. ಸಂತರಿಗೂ ಸಂತೆಯ ಬುದ್ಧಿ ಇತ್ತು ಎನ್ನಬೇಕು.

ಮಠಗಳಿಗೆ ಬೆರಳು ಬೇಕಾದದ್ದು ಇನ್ನೊಂದು ಕಾರಣಕ್ಕೆ. 6ನೆಯ ಶತಮಾನದ ಸಂತ ಬೆನೆದಿಕ್ತರ ನಿಯಮದಲ್ಲಿ ಮೌನಕ್ಕೆ ದೊಡ್ಡ ಸ್ಥಾನ. ಊಟದ ಹೊತ್ತಿನಲ್ಲಿ ಮಾತಾಡುವಂತಿಲ್ಲ, ರೊಟ್ಟಿ ಬೇಕಾದರೆ ಏನು ಮಾಡುವುದು? ಫ್ರಾನ್ಸಿನ ಕ್ಲೂನಿ ಮಠದಲ್ಲಿ ಇದಕ್ಕಾಗಿ ಸನ್ನೆಗಳ ಪಟ್ಟಿಯೇ ತಯಾರಾಯಿತು. ಎರಡು ಹೆಬ್ಬೆರಳು, ಎರಡು ತೋರುಬೆರಳು ಸೇರಿಸಿ ದುಂಡಗೆ ಹಿಡಿದರೆ ರೊಟ್ಟಿ. ಅಂಗೈಯನ್ನು ಮೀನಿನ ಬಾಲದಂತೆ ಆಡಿಸಿದರೆ ಮೀನು. ಹೀಗೆ ಬಾಯಿದ್ದೂ ಮಾತಾಡದವರು ಶತಮಾನಗಳ ಕಾಲ ಕೈಯಲ್ಲಿ ಮಾತಾಡಿ ಪಳಗಿದರು. ಬಾಯಿ ಬಾರದ ಮಗುವೊಂದು ಮಠದ ಬಾಗಿಲಿಗೆ ಬಂದಾಗ ಆ ಪಳಗಿದ ಕೈ ಅಲ್ಲಿ ಸಿದ್ಧವಿತ್ತು.

ಅಂಥ ಮಕ್ಕಳು ಬಂದದ್ದು ಸ್ಪೇನ್ ದೇಶದ ಓನ್ಯಾ ಎಂಬಲ್ಲಿನ ಬೆನೆದಿಕ್ತ ಮಠಕ್ಕೆ, 16ನೆಯ ಶತಮಾನದ ನಡುವಿನಲ್ಲಿ. ವೆಲಾಸ್ಕೊ ಎಂಬ ಶ್ರೀಮಂತ ಮನೆತನದಲ್ಲಿ ಕಿವುಡ ಮಕ್ಕಳು ಮತ್ತೆ ಮತ್ತೆ ಹುಟ್ಟುತ್ತಿದ್ದರು. ಆಸ್ತಿ, ಅಂತಸ್ತು ಹೊರಗೆ ಹೋಗಬಾರದೆಂದು ಹತ್ತಿರದ ರಕ್ತಸಂಬಂಧದಲ್ಲೇ ಹೆಣ್ಣು ತರುವುದು ಆ ದೊಡ್ಡ ಮನೆತನಗಳ ರೂಢಿ. ಅಕ್ಕನ ಮಗಳು, ಸೋದರಮಾವನ ಮಗಳು ಎಂದು ಸಂಬಂಧ ಬೆಳೆಸುವ ನಮ್ಮ ಉತ್ತರ ಕರ್ನಾಟಕದ ಮನೆಗಳಿಗೆ ಈ ಮಾತು ದೂರದ್ದಲ್ಲ. ಹುಟ್ಟು ಕಿವುಡುತನದ ಸಾಧ್ಯತೆ ಇಂಥ ಮದುವೆಗಳಲ್ಲಿ ಹೆಚ್ಚು ಎಂದು ವೈದ್ಯರು ಇಂದಿಗೂ ಎಚ್ಚರಿಸುತ್ತಾರೆ. ಧರ್ಮಸಭೆಯ ಕಾನೂನು ಹತ್ತಿರದ ಸಂಬಂಧಕ್ಕೆ ತಡೆ ಹಾಕಿರುವುದನ್ನು ಕೆಲವರು ಗುರುಗಳ ಹಟ ಎಂದುಕೊಳ್ಳುತ್ತಾರೆ, ಇರಲಿ.

ಆ ಮನೆಯ ಫ್ರಾನ್ಸಿಸ್ಕೊ ಮತ್ತು ಪೆದ್ರೊ ಎಂಬ ಸಹೋದರರಿಗೆ ಪಾಠ ಹೇಳಿದವರು ಪೆದ್ರೊ ಪೋನ್ಸೆ ದೆ ಲಿಯೋನ್ ಎಂಬ ಸನ್ಯಾಸಿ. ವಸ್ತುವನ್ನು ತೋರಿಸಿ ಅದರ ಹೆಸರನ್ನು ಬರೆಸುವುದು ಅವರ ಮೊದಲ ಪಾಠ. 1578ರ ಒಂದು ದಾಖಲೆಯಲ್ಲಿ ಅವರೇ ಹೇಳಿಕೊಂಡಂತೆ, ಹುಟ್ಟಿನಿಂದ ಕಿವುಡರಾದ ತಮ್ಮ ಶಿಷ್ಯರು ಓದಲು, ಬರೆಯಲು, ಲೆಕ್ಕ ಹಾಕಲು, ಪ್ರಾರ್ಥಿಸಲು, ಪೂಜೆಗೆ ಸಹಾಯ ಮಾಡಲು, ಪಾಪನಿವೇದನೆ ಮಾಡಲು ಕಲಿತರು. ಕಿವುಡನಿಗೆ ಬುದ್ಧಿಯೇ ಇಲ್ಲ, ಕಲಿಸಿ ಪ್ರಯೋಜನವಿಲ್ಲ ಎಂದು ದೊಡ್ಡ ದೊಡ್ಡ ಪಂಡಿತರು ನಂಬಿದ್ದ ಕಾಲದಲ್ಲಿ ಇದು ನಡೆಯಿತು. ಪೋನ್ಸೆ 1584ರಲ್ಲಿ ತೀರಿಕೊಂಡರು.

ಆದರೆ ಬೆರಳಕ್ಷರದ ಮಟ್ಟಿಗೆ ನಮ್ಮ ಮನಸ್ಸು ಹೆಚ್ಚು ನಿಲ್ಲುವುದು ಇನ್ನೊಬ್ಬರ ಬಳಿ. ಅವರು ಫ್ರಾನ್ಸಿಸ್ಕನ್ ಸಭೆಯ ಮೆಲ್ಕೋರ್ ದೆ ಯೆಬ್ರಾ. ಅವರು 1586ರಲ್ಲಿ ತೀರಿಕೊಂಡರು, ಅವರ ಪುಸ್ತಕ ಮ್ಯಾಡ್ರಿಡ್‌ನಲ್ಲಿ ಅಚ್ಚಾದದ್ದು 1593ರಲ್ಲಿ. ಪುಸ್ತಕದ ಹೆಸರಿನ ಅರ್ಥ ರೋಗಿಗಳ ಆಶ್ರಯ ಎಂದು. ಅದರಲ್ಲಿ ಅಕ್ಷರಕ್ಕೊಂದು ಕೈಯ ಚಿತ್ರವಿದೆ, ಒಂದೇ ಕೈಯ ಬೆರಳು ಮಡಚಿ, ಚಾಚಿ ತೋರಿಸುವ ವರ್ಣಮಾಲೆ. ಈ ಕ್ರಮವನ್ನು ಅವರು ಸಂತ ಬೊನವೆಂತೂರರ ಹೆಸರಿಗೆ ಸೇರಿಸುತ್ತಾರೆ. ಯಾರಿಗಾಗಿ ಈ ಚಿತ್ರಗಳು? ಶಾಲೆಯ ಮಕ್ಕಳಿಗಲ್ಲ. ಸಾವಿನ ಹಾಸಿಗೆಯಲ್ಲಿ ನಾಲಿಗೆ ಬಿದ್ದುಹೋದ ರೋಗಿಗೆ, ಅವನ ಪಕ್ಕ ಕುಳಿತ ಗುರುವಿಗೆ. ಮಾತು ನಿಂತಿದೆ, ಪ್ರಜ್ಞೆ ಇದೆ, ಹೇಳಿಕೊಳ್ಳಬೇಕಾದ ಪಾಪ ಎದೆಯಲ್ಲಿದೆ. ಬೆರಳು ಮಾತ್ರ ಇನ್ನೂ ಆಡುತ್ತಿದೆ. ಆ ಬೆರಳಿಗೆ ಅಕ್ಷರ ಗೊತ್ತಿದ್ದರೆ, ಕುಳಿತ ಗುರುವಿಗೂ ಅದು ಗೊತ್ತಿದ್ದರೆ, ಆತ್ಮ ಹಗುರವಾಗಿ ಹೋಗುತ್ತದೆ. ಕಿವುಡರಿಗೂ ಇದು ಉಪಯೋಗ ಎಂದು ಯೆಬ್ರಾ ಹೇಳಿದ್ದಾರೆ. ನಾವು ದೊಡ್ಡಾಸ್ಪತ್ರೆಯ ವಾರ್ಡುಗಳಿಗೆ ಅಭ್ಯಂಗ ಕೊಡಲು ಹೋದಾಗ, ಗಂಟಲಿಗೆ ನಳಿಕೆ ಹಾಕಿಸಿಕೊಂಡು ಮಲಗಿದವರ ಕಣ್ಣನ್ನೂ ಹೊದಿಕೆಯ ಮೇಲೆ ಅಲುಗಾಡುವ ಬೆರಳನ್ನೂ ಕಂಡಾಗ, ಈ ಫ್ರಾನ್ಸಿಸ್ಕನ್ ಗುರು ನೆನಪಿಗೆ ಬರುತ್ತಾರೆ.

ಕಿವುಡ ಮಕ್ಕಳಿರುವ ಧರ್ಮಕೇಂದ್ರಗಳಲ್ಲಿ ಇನ್ನೊಂದು ಅನುಭವವೂ ಗುರುಗಳಿಗೆ ಆಗುತ್ತದೆ. ಈಸ್ಟರ್ ಮುಂಚೆ ತಾಯಿಯೊಬ್ಬಳು ಬೆಳೆದ ಮಗನ ಕೈ ಹಿಡಿದುಕೊಂಡು ಪಾಪನಿವೇದನೆಯ ಸಾಲಿನಲ್ಲಿ ಬಂದು, "ಫಾದರ್, ಇವನ ಪಾಪಾ ನಾನ ಹೇಳ್ತೀನ್ರೀ, ನೀವು ಕ್ಷಮಾ ಕೊಡ್ರಿ" ಎನ್ನುತ್ತಾಳೆ. ಅವಳ ಪ್ರೀತಿಯಲ್ಲಿ ಸಂಶಯವಿಲ್ಲ. ಆದರೆ ಇಪ್ಪತ್ತೆರಡು ವರ್ಷದ ಯುವಕ ತನ್ನ ಪಾಪವನ್ನು ಅವ್ವನ ಬಾಯಿಂದ ಹೇಳಿಸುವುದು ಎಂದರೇನು? ಅವ್ವನಿಗೆ ಗೊತ್ತಿರುವಷ್ಟೇ ಅವನ ಪಾಪವೇ? ಅವನು ತಲೆ ತಗ್ಗಿಸಿ ನಿಂತಿರುತ್ತಾನೆ. ಧರ್ಮಸಭೆಯ ಕಾನೂನು ದುಭಾಷಿಯ ಮೂಲಕ ಪಾಪನಿವೇದನೆ ಮಾಡಲು ಅವಕಾಶ ಕೊಟ್ಟಿದೆ (ವಿಧಿ 990). ಆ ದುಭಾಷಿಯೂ ಗುಟ್ಟನ್ನು ಕಾಪಾಡಲೇಬೇಕು (ವಿಧಿ 983). ಬೇಕಿದ್ದರೆ ಬಳಸಬಹುದು ಎಂಬುದು ಅವಕಾಶ, ಇಂತಹವರನ್ನೇ ತರಬೇಕು ಎಂಬ ಕಟ್ಟಳೆ ಅಲ್ಲ. ಗುರುವಿಗೇ ನಾಲ್ಕು ಸನ್ನೆ, ಇಪ್ಪತ್ತಾರು ಅಕ್ಷರ ಬಂದರೆ ಅವ್ವ ಹೊರಗೆ ಬೆಂಚಿನ ಮೇಲೆ ಕುಳಿತು ಜಪಮಾಲೆ ಹೇಳಬಹುದು.

ಚರಿತ್ರೆಗೆ ಮರಳೋಣ. ಯೆಬ್ರಾ ಅವರ ಕೈಚಿತ್ರಗಳಂಥವೇ 1620ರಲ್ಲಿ ಹುವಾನ್ ಪಾಬ್ಲೊ ಬೊನೆಟ್ ಎಂಬುವನ ಪುಸ್ತಕದಲ್ಲಿ ಇನ್ನೂ ಸೊಗಸಾಗಿ ಅಚ್ಚಾದವು. ಆತ ಗುರುವಲ್ಲ, ಅದೇ ವೆಲಾಸ್ಕೊ ಮನೆಯ ಕಾರ್ಯದರ್ಶಿ. ಓನ್ಯಾ ಮಠದ ಪೋನ್ಸೆಯವರ ಹೆಸರನ್ನು ಆತ ತನ್ನ ಪುಸ್ತಕದಲ್ಲಿ ಎತ್ತಲೇ ಇಲ್ಲ. ಅದೇ ಕಾಲದಲ್ಲಿ ಆಲ್ಪ್ಸ್ ಬೆಟ್ಟಗಳ ಕಡೆ ಧರ್ಮಾಧ್ಯಕ್ಷ ಸಂತ ಫ್ರಾನ್ಸಿಸ್ ದೆ ಸಾಲೆಸ್ ಅವರು ಮಾರ್ಟಿನ್ ಎಂಬ ಕಿವುಡ ಯುವಕನಿಗೆ ಸನ್ನೆಯಲ್ಲೇ ಸತ್ಯೋಪದೇಶ ಕಲಿಸಿ ಪರಮಪ್ರಸಾದ ಕೊಟ್ಟರು. ಜನವರಿ 24ರಂದು ಅವರ ಹಬ್ಬ ಬಂದಾಗ ಪತ್ರಕರ್ತರ ಪಾಲಕ ಸಂತ ಎಂದು ಮಾತ್ರ ಹೇಳಿ ಮುಗಿಸುತ್ತೇವೆ. ಅವರು ಕಿವುಡರ ಪಾಲಕರೂ ಹೌದು.

ಇದನ್ನೆಲ್ಲ ಬಡವರ ಮನೆಗೆ ತಲುಪಿಸಿದವರು ಪ್ಯಾರಿಸ್ಸಿನ ಗುರು ಶಾರ್ಲ್ ಮಿಷೆಲ್ ದೆ ಲೆಪೆ (1712–1789). ಕಿವುಡರಾದ ಅವಳಿ ಸಹೋದರಿಯರು ಅವರಿಗೆ ಎದುರಾದರು. ಅವರಿಗೆ ಚಿತ್ರಗಳ ಮೂಲಕ ಪಾಠ ಹೇಳುತ್ತಿದ್ದ ಗುರು ತೀರಿಹೋಗಿದ್ದರು. ಈ ಹೆಣ್ಣುಮಕ್ಕಳು ದೇವರನ್ನು ಅರಿಯದೆಯೇ ಬದುಕಿ ಸಾಯಬೇಕೇ ಎಂಬ ಸಂಕಟದಿಂದ ಲೆಪೆ ಪಾಠ ಶುರುಮಾಡಿದರು. 1760ರ ಸುಮಾರಿಗೆ ಅದು ಶಾಲೆಯೇ ಆಯಿತು. ಆ ದಿನಗಳಲ್ಲಿ ಕಿವುಡರಿಗೆ ಕಲಿಸುವ ಬೇರೆ ಶಿಕ್ಷಕರಿದ್ದರು, ಆದರೆ ತಮ್ಮ ವಿದ್ಯೆಯನ್ನು ಗುಟ್ಟಾಗಿಟ್ಟು ಸಿರಿವಂತರಿಗೆ ಮಾತ್ರ ಕಲಿಸುತ್ತಿದ್ದರು. ಲೆಪೆ ಬಾಗಿಲು ತೆರೆದಿಟ್ಟರು, ಬಡ ಮಕ್ಕಳನ್ನು ಉಚಿತವಾಗಿ ಸೇರಿಸಿಕೊಂಡರು, 1776ರಲ್ಲಿ ತಮ್ಮ ವಿಧಾನವನ್ನು ಪುಸ್ತಕ ಮಾಡಿ ಎಲ್ಲರಿಗೂ ಕೊಟ್ಟರು. ಬೆರಳಕ್ಷರವನ್ನು ಅವರು ಬಳಸಿದರು, ಆದರೆ ಅದರ ಮಿತಿಯನ್ನೂ ಕಂಡರು. ಅಕ್ಷರ ಜೋಡಿಸಿದ ಮಾತ್ರಕ್ಕೆ ಅರ್ಥ ಹುಟ್ಟುವುದಿಲ್ಲ, ಕಿವುಡರು ತಮ್ಮತಮ್ಮಲ್ಲಿ ಆಡುವ ಸನ್ನೆಯೇ ಅವರ ತಾಯ್ನುಡಿ, ಅದರಿಂದಲೇ ಹೊರಡಬೇಕು ಎಂದು ತಿಳಿದರು. ಅವರ ಶಾಲೆಯಲ್ಲಿ ಬೆಳೆದ ಲೋರಾಂ ಕ್ಲೇರ್ ಎಂಬ ಕಿವುಡ ಶಿಕ್ಷಕ 1816ರಲ್ಲಿ ಥಾಮಸ್ ಗ್ಯಾಲಾಡೆಟ್ ಎಂಬುವರೊಡನೆ ಅಮೆರಿಕಕ್ಕೆ ಹಡಗು ಹತ್ತಿದರು. ಮರುವರ್ಷ ಹಾರ್ಟ್‌ಫರ್ಡ್ ಊರಿನಲ್ಲಿ ಅಲ್ಲಿನ ಶಾಲೆ ತೆರೆಯಿತು. ಸ್ಪೇನಿನ ಒಂದು ಕೈಯ ವರ್ಣಮಾಲೆ ಇಂದಿಗೂ ಅಮೆರಿಕದಲ್ಲಿ ಸ್ವಲ್ಪ ಬದಲಾವಣೆಯೊಡನೆ ನಡೆಯುತ್ತಿದೆ.

ಈಗ ದುಃಖದ ಭಾಗ. 1880ರ ಸೆಪ್ಟೆಂಬರಿನಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಿವುಡರ ಶಿಕ್ಷಕರ ಸಮ್ಮೇಳನ ಸೇರಿತು. ಅಧ್ಯಕ್ಷತೆ ವಹಿಸಿದವರು ಕಥೋಲಿಕ ಗುರು ಜೂಲಿಯೊ ತಾರ್ರಾ. ಶಾಲೆಯಲ್ಲಿ ಸನ್ನೆ ಬೇಡ, ತುಟಿ ನೋಡಿ ತಿಳಿಯುವುದನ್ನೂ ಬಾಯಿಂದ ಉಚ್ಚರಿಸುವುದನ್ನೂ ಮಾತ್ರ ಕಲಿಸಬೇಕು ಎಂದು ಅಲ್ಲಿ ತೀರ್ಮಾನವಾಯಿತು. ಕೈ ಎತ್ತಿದವರು ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರೇ. ಅವರ ಉದ್ದೇಶ ಒಳ್ಳೆಯದಿರಬಹುದು, ಮಗು ಎಲ್ಲರಂತೆ ಮಾತಾಡಲಿ ಎಂಬ ಆಸೆ ಯಾವ ತಾಯ್ತಂದೆಗಿಲ್ಲ? ಆದರೂ ಕೊಟ್ಟ ಕೈಯೇ ಕಿತ್ತುಕೊಂಡಿತು ಎನ್ನದೆ ಬೇರೆ ದಾರಿಯಿಲ್ಲ. ಒಂದು ನೂರು ವರ್ಷ ಲೋಕದ ಅನೇಕ ಶಾಲೆಗಳಲ್ಲಿ ಮಕ್ಕಳು ಸನ್ನೆ ಮಾಡಿದ್ದಕ್ಕೆ ಕೈಮೇಲೆ ಪೆಟ್ಟು ತಿಂದರು. 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದ ಅಂತಹುದೇ ಸಮ್ಮೇಳನ ಮಿಲಾನಿನ ತೀರ್ಮಾನಗಳನ್ನು ತಿರಸ್ಕರಿಸಿ ವಿಷಾದ ವ್ಯಕ್ತಪಡಿಸಿತು.

ಭಾರತದ ಮೊದಲ ಕಿವುಡರ ಶಾಲೆ ಹುಟ್ಟಿದ್ದು ಮಿಲಾನ್ ಸಮ್ಮೇಳನ ಮುಗಿದು ಐದು ವರ್ಷಕ್ಕೆ, 1885ರಲ್ಲಿ, ಮುಂಬಯಿಯಲ್ಲಿ. ಅದರ ಹಿಂದೆ ಇದ್ದವರು ಅಲ್ಲಿನ ಕಥೋಲಿಕ ಧರ್ಮಾಧ್ಯಕ್ಷ, ಯೇಸುಸಭೆಯ ಲಿಯೋ ಮ್ಯೂರಿನ್. ಅಂದು ನಮ್ಮ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೇ ಸೇರಿತ್ತು ಎಂಬುದನ್ನು ನೆನೆದರೆ, ಆ ಶಾಲೆ ನಮ್ಮ ಸರಕಾರದ ಸೀಮೆಯದೇ. ಮೈಸೂರು ಸಂಸ್ಥಾನದಲ್ಲಿ ಕಿವುಡರಿಗೂ ಕುರುಡರಿಗೂ ಶಾಲೆ ಬಂದದ್ದು 1901ರಲ್ಲಿ. ಆಮೇಲೆ ದೇಶದಲ್ಲಿ ಎದ್ದ ಶಾಲೆಗಳಲ್ಲಿ ಹೆಚ್ಚಿನವು ಬಾಯಿಮಾತಿನ ವಿಧಾನವನ್ನೇ ಹಿಡಿದವು. ಆದರೆ ಮಕ್ಕಳು ಬಿಡುತ್ತಾರೆಯೇ? ತರಗತಿಯಲ್ಲಿ ತುಟಿ, ಹಾಸ್ಟೆಲ್ಲಿನಲ್ಲಿ ಕೈ. ದೊಡ್ಡವರಿಂದ ಚಿಕ್ಕವರಿಗೆ ಹೀಗೆ ದಾಟಿದ ಸನ್ನೆಯೇ ಭಾರತೀಯ ಸಂಜ್ಞಾ ಭಾಷೆಯಾಗಿ ಬೆಳೆಯಿತು. 1970ರ ದಶಕದ ಕೊನೆಗೆ ಮದನ್ ವಸಿಷ್ಠ ಮತ್ತು ಅವರ ಜೊತೆಗಾರರು ದೆಹಲಿ, ಮುಂಬಯಿ, ಕೋಲ್ಕತ್ತ ಮತ್ತು ನಮ್ಮ ಬೆಂಗಳೂರಿನ ಕಿವುಡರ ಸನ್ನೆಗಳನ್ನು ಕಲೆಹಾಕಿ ಅಧ್ಯಯನ ಮಾಡಿದರು. ವಸಿಷ್ಠರು ಸ್ವತಃ ಕಿವುಡರು. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸಂಜ್ಞಾ ಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರ ಸ್ಥಾಪನೆಯಾಯಿತು. ಅದರ ನಿಘಂಟು 2018ರಲ್ಲಿ 3,000 ಪದಗಳಿಂದ ಆರಂಭವಾಗಿ 2021ಕ್ಕೆ 10,000 ಪದ ಮುಟ್ಟಿತು.

ನಮ್ಮ ದೇಶದ ಬೆರಳಕ್ಷರ ಸ್ಪೇನಿನ ಒಂದು ಕೈಯದಲ್ಲ, ಆಂಗ್ಲರ ಜೊತೆ ಬಂದ ಎರಡು ಕೈಯದು. ಇಂಗ್ಲೆಂಡಿನಲ್ಲಿ 1698ರಲ್ಲೇ ಎರಡು ಕೈಯ ವರ್ಣಮಾಲೆಯ ಪುಸ್ತಿಕೆ ಅಚ್ಚಾಗಿತ್ತು. ಕಲಿಯಲು ಇದು ಕಷ್ಟವಲ್ಲ. ಎಡಗೈಯ ಐದು ಬೆರಳ ತುದಿಗಳೇ ಇಂಗ್ಲಿಷಿನ ಐದು ಸ್ವರಗಳು: ಹೆಬ್ಬೆರಳು 'ಎ', ತೋರುಬೆರಳು 'ಇ', ನಡುಬೆರಳು 'ಐ', ಉಂಗುರಬೆರಳು 'ಓ', ಕಿರುಬೆರಳು 'ಯು'. ಬಲಗೈಯ ತೋರುಬೆರಳಿನಿಂದ ಮುಟ್ಟಿದರಾಯಿತು. ಉಳಿದ ಅಕ್ಷರಗಳಲ್ಲಿ ಹಲವು ಎರಡೂ ಕೈ ಸೇರಿ ಅಚ್ಚಿನ ಅಕ್ಷರದ ಆಕಾರವನ್ನೇ ಮಾಡುತ್ತವೆ. ಮಾಡುವುದಕ್ಕಿಂತ ಓದುವುದು ಕಷ್ಟ, ಅದನ್ನು ಮೊದಲೇ ಹೇಳಿಬಿಡುತ್ತೇವೆ. ಒಂದೊಂದೇ ಅಕ್ಷರ ಹಿಡಿಯಲು ಹೋದರೆ ಪದ ತಪ್ಪಿಹೋಗುತ್ತದೆ, ಪದದ ಒಟ್ಟು ಆಕಾರಕ್ಕೆ ಕಣ್ಣು ಪಳಗಬೇಕು. ಅವಸರ ಮಾಡಬಾರದು, ಕೈ ಎದೆಯ ಮುಂದೆ ನಿಲ್ಲಬೇಕು, ಬೆಳಕು ಮುಖದ ಮೇಲಿರಬೇಕು.

ತೊಡಕಿರುವುದು ಬೇರೆ ಕಡೆ. ಕನ್ನಡ ಶಾಲೆಯಲ್ಲಿ ಓದಿದ ಮಗು 'ಯಲ್ಲವ್ವ' ಎಂಬ ಅಜ್ಜಿಯ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಬೇಕು! ನಮ್ಮ ಒತ್ತಕ್ಷರ, ಕಾಗುಣಿತ, ಮಹಾಪ್ರಾಣಗಳು ಆ ಇಪ್ಪತ್ತಾರರಲ್ಲಿ ಹಿಡಿಯುವುದಿಲ್ಲ. ಇಲ್ಲಿ ಒಂದು ಸೋಜಿಗದ ಸಂಗತಿ ಹೇಳಬೇಕು. ವಾತ್ಸ್ಯಾಯನನ ಕಾಮಸೂತ್ರದಲ್ಲಿ (ಗ್ರಂಥದ ಹೆಸರು ಕೇಳಿ ಯಾರೂ ಮುಖ ತಿರುಗಿಸಬೇಕಿಲ್ಲ, ಇಲ್ಲಿ ಬೇಕಾದದ್ದು ಅದರ ಕಲೆಗಳ ಪಟ್ಟಿ ಮಾತ್ರ) ಅರವತ್ನಾಲ್ಕು ಕಲೆಗಳ ನಡುವೆ 'ಅಕ್ಷರಮುಷ್ಟಿಕಾಕಥನ' ಎಂಬುದೊಂದಿದೆ. 13ನೆಯ ಶತಮಾನದ ವ್ಯಾಖ್ಯಾನಕಾರ ಯಶೋಧರ ಅದರ ಒಂದು ಬಗೆಯನ್ನು ಹೀಗೆ ಬಿಡಿಸುತ್ತಾನೆ: ಕ, ಚ, ಟ, ತ, ಪ, ಯ, ಶ ಎಂಬ ಏಳು ವರ್ಗಗಳಿಗೆ ಏಳು ಕೈಮುದ್ರೆಗಳು. ವರ್ಗದೊಳಗಿನ ಅಕ್ಷರಕ್ಕೆ ಬೆರಳು. ಸ್ವರಕ್ಕೆ ಬೆರಳಿನ ಗೆಣ್ಣು. ಮೂರನ್ನೂ ಕೂಡಿಸಿದರೆ ಗುಣಿತಾಕ್ಷರ ಸಿದ್ಧ! ಅದು ಅರಮನೆಯ, ರಸಿಕರ ಗುಟ್ಟಿನ ಆಟಕ್ಕೆ ಹುಟ್ಟಿದ್ದು, ಕಿವುಡರಿಗಾಗಿ ಅಲ್ಲ. ಆದರೂ ಕ ಖ ಗ ಘ ಙ ಎಂದರೆ ಐದು, ಬೆರಳೂ ಐದು. ನಮ್ಮ ವರ್ಣಮಾಲೆಯ ಜೋಡಣೆಯೇ ಕೈಗೆ ಹೇಳಿ ಮಾಡಿಸಿದಂತಿದೆ. ಕಿಟೆಲರ ನಿಘಂಟಿನ ಹೆಸರು ಹೇಳಿ ಬೆಳೆದ ಧಾರವಾಡದ ಕನ್ನಡ ಮೇಷ್ಟ್ರುಗಳು ಕಿವುಡ ಶಿಕ್ಷಕರ ಜೊತೆ ಕೂತು ಇದನ್ನು ಯೋಚಿಸಿದರೆ ಎಷ್ಟು ಚೆನ್ನ!

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ಬೆರಳಕ್ಷರ ಕಲಿತ ಮಾತ್ರಕ್ಕೆ ಸಂಜ್ಞಾ ಭಾಷೆ ಬಂದಂತಲ್ಲ. ಹೆಸರು, ಊರು, ಸನ್ನೆಯಿಲ್ಲದ ಹೊಸ ಪದ, ಇಂಥವುಗಳಿಗೆ ಮಾತ್ರ ಕಿವುಡರು ಅಕ್ಷರ ಜೋಡಿಸುತ್ತಾರೆ, ಉಳಿದದ್ದೆಲ್ಲ ಸನ್ನೆಯೇ. ಓದು ಬಾರದ ಹಿರಿಯ ಕಿವುಡರ ಮುಂದೆ ಅಕ್ಷರ ಜೋಡಿಸಿದರೆ ಅವರಿಗೆ ಅದು ಬರಿಯ ಬೆರಳಾಟ. ಆದ್ದರಿಂದ ಮನೆಯಲ್ಲಿ ಕಿವುಡ ಮಗುವಿದ್ದರೆ ಸನ್ನೆಯನ್ನೂ ಅಕ್ಷರವನ್ನೂ ಒಟ್ಟಿಗೇ, ಬೇಗನೇ ಶುರುಮಾಡಬೇಕು. ಕಲಿಸಲು ಕಿವುಡರನ್ನೇ ಕರೆಯಬೇಕು. ಶ್ರವಣಯಂತ್ರ ಹಾಕಿಸಿದ್ದೇವೆ, ಇನ್ನು ಸನ್ನೆ ಬೇಡ ಎನ್ನುವ ತಂದೆತಾಯಿಯರ ಮಾತು ನಮಗೆ ಒಪ್ಪಿಗೆಯಾಗುವುದಿಲ್ಲ. ಯಂತ್ರವೂ ಇರಲಿ, ಕೈಯೂ ಇರಲಿ.

2024ರ ಮೇ 2ರಂದು ಕೇರಳದ ತ್ರಿಶೂರಿನಲ್ಲಿ ಪವಿತ್ರ ಶಿಲುಬೆಯ ಸಭೆಯ ಜೋಸೆಫ್ ತೇರ್ಮಡಂ ಅವರಿಗೆ ಯಾಜಕಾಭಿಷೇಕವಾಯಿತು. ಹುಟ್ಟಿನಿಂದ ಕಿವಿ ಕೇಳಿಸದ, ಮಾತು ಬಾರದ ಅವರು ಭಾರತದ ಮೊದಲ ಕಿವುಡ ಗುರು. ಏಷ್ಯಾದಲ್ಲಿ ಅವರಿಗಿಂತ ಮೊದಲು 2007ರಲ್ಲಿ ದಕ್ಷಿಣ ಕೊರಿಯದ ಮಿನ್ ಸಿಯೊ ಪಾರ್ಕ್ ಅಭಿಷಿಕ್ತರಾಗಿದ್ದರು. ಕಿವುಡನಿಗೆ ಪಾಠವೇ ಹತ್ತದು ಎನ್ನುತ್ತಿದ್ದ ಕಾಲದಿಂದ, ಕಿವುಡ ಗುರುವೇ ಪೀಠದ ಮುಂದೆ ನಿಂತು ಕೈಗಳಿಂದ ಬಲಿಪೂಜೆ ಅರ್ಪಿಸುವ ಕಾಲಕ್ಕೆ ಬಂದಿದ್ದೇವೆ. ಆ ಪೂಜೆಯಲ್ಲಿ ಕಿವಿ ಕೇಳುವ ನಮ್ಮಂಥವರಿಗೇ ದುಭಾಷಿ ಬೇಕು.

ಬರುವ ಜೂನ್ 24ಕ್ಕೆ ನಿಮ್ಮ ಧರ್ಮಕೇಂದ್ರದ ಸತ್ಯೋಪದೇಶದ ಮಕ್ಕಳಿಗೆ ಜಕರೀಯನ ಹಲಗೆಯ ಕಥೆ ಹೇಳುವಾಗ ಹತ್ತು ನಿಮಿಷ ಉಳಿಸಿಕೊಳ್ಳಿ. ಐದು ಸ್ವರಗಳನ್ನು ಎಡಗೈಯ ಬೆರಳ ಮೇಲೆ ತೋರಿಸಿಕೊಡಿ, ಸಾಧ್ಯವಾದರೆ ಹತ್ತಿರದ ಕಿವುಡರ ಶಾಲೆಯ ಒಬ್ಬ ವಿದ್ಯಾರ್ಥಿಯನ್ನೇ ಕರೆಸಿ ಉಳಿದ ಅಕ್ಷರ ಹೇಳಿಸಿ. ಮಕ್ಕಳು ಒಂದು ಭಾನುವಾರಕ್ಕೇ ತಮ್ಮ ಹೆಸರು ಜೋಡಿಸುತ್ತಾರೆ. ದೊಡ್ಡವರಿಗೆ, ಅದರಲ್ಲೂ ಗುರುಗಳಿಗೆ, ಮೂರ್ನಾಲ್ಕು ಭಾನುವಾರ ಹಿಡಿಯುತ್ತದೆ.